ಬಾಳಮ್ಮನ ಕಟ್ಟಿಗೆ

ನಿಂಬರ್ಗಾದ ತೊಗರಿ ಹೊಲಗಳಲ್ಲಿ ರಾಶಿ ಮುಗಿದರೆ ಕಾಳು ಸಾಹುಕಾರರ ಮನೆ ಸೇರುತ್ತಿತ್ತು. ಉಳಿದ ಒಣ ಕಟ್ಟಿಗೆ ಕೊಯ್ಲಿಗೆ ಬಂದ ಹೆಂಗಸರದು. ಅವರವರು ಕೊಯ್ದ ಸಾಲಿನದು ಅವರವರಿಗೆ. ಹೀಗೆಂದು ಯಾರೂ ಡಂಗುರ ಸಾರಿರಲಿಲ್ಲ, ಯಾರೂ ಬಾಯಿಬಿಟ್ಟು ಕೇಳಿಯೂ ಇರಲಿಲ್ಲ. ಬಾಳಮ್ಮನ ಅತ್ತೆ ಹೊತ್ತು ತಂದಿದ್ದಳು, ಬಾಳಮ್ಮನೂ ಹೊತ್ತು ತರುತ್ತಿದ್ದಳು. ಅಂಗಳದಲ್ಲಿ ಒಟ್ಟಿದ ಆ ಬಣವೆಯೇ ಅವಳ ವರ್ಷದ ಅನ್ನ. ಆಳಂದದ ಖಾನಾವಳಿಗಳಿಗೆ ಜೋಳದ ಖಡಕ್ ರೊಟ್ಟಿ ಬಡಿದು ಕೊಡುವ ಹೆಂಗಸು ಅವಳು. ಗಂಡ ತೀರಿಕೊಂಡ ಮೇಲೆ ಮನೆ ನಿಂತದ್ದೇ ಅವಳ ಅಂಗೈ ಮೇಲೆ. ಮನೆಯಲ್ಲಿ ಗ್ಯಾಸ್ ಇರಲಿಲ್ಲವೆಂದಲ್ಲ. ಇತ್ತು, ಚಹಾ ಕಾಸಲಿಕ್ಕೆ. ದಿನವಿಡೀ ದೊಡ್ಡ ಹಂಚು ಇಟ್ಟು ಕೂತರೆ ಸಿಲಿಂಡರು ವಾರಕ್ಕೇ ಕೈ ಎತ್ತುತ್ತದೆ.

ಈ ಸುಗ್ಗಿಗೆ ಊರ ಹೊರಗೆ ಒಂದು ಕಂಪನಿ ಬಂದು ಕೂತಿತು. ತೊಗರಿ ಕಟ್ಟಿಗೆಯನ್ನು ಪುಡಿ ಮಾಡಿ, ಧಗಧಗ ಉರಿಯಲು ಬಿಡದೆ ಮುಚ್ಚಿದ ಕುಲುಮೆಯಲ್ಲಿ ಬೇಯಿಸಿ, ಅದರಿಂದ ಹೈಡ್ರೋಜನ್ ತೆಗೆಯುವ ಕಂಪನಿ. ಆ ಗ್ಯಾಸಿನಿಂದ ಬಸ್ಸಿನೊಳಗೇ ಕರೆಂಟು ಹುಟ್ಟಿಸಿ ಓಡಿಸುತ್ತಾರಂತೆ, ಡೀಸೆಲ್ಲೇ ಬೇಡವಂತೆ, ಹೊಗೆಯ ಬದಲು ಬರೀ ನೀರು ತೊಟ್ಟಿಕ್ಕುತ್ತದಂತೆ. ಒಳ್ಳೆಯದೇ. ಡೀಸೆಲ್ ಹೊಗೆ ಕುಡಿದು ಯಾರು ಉದ್ಧಾರವಾಗಿದ್ದಾರೆ? ಆದರೆ ಈ ಕಟ್ಟಿಗೆ ಯಾರದು ಎಂದು ಕೇಳಬೇಕಾದವರು ಕೇಳಲಿಲ್ಲ. ರೈತರಿಂದ ಕಟ್ಟಿಗೆ ಹೊಂದಿಸಿಕೊಡುವ ಕೆಲಸಕ್ಕೆ ಸೇರಿದವಳು ದೊಡ್ಡಪ್ಪ ಸಾಹುಕಾರರ ಮಗಳು ಭಾಗ್ಯಜ್ಯೋತಿ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿದ ಜಾಣೆ. “ತೊಗರಿ ಕಟ್ಟಿಗಿ ನಮ್ಮ ಕಡಿ ವೇಸ್ಟ್ ರಿ, ಯಾರಿಗೂ ಬೇಕಾಗಿಲ್ಲ” ಎಂದು ಕಂಪನಿಯ ಮೀಟಿಂಗಿನಲ್ಲಿ ಹೇಳಿದವಳು ಅವಳೇ. ಸುಳ್ಳು ಹೇಳಲಿಲ್ಲ, ಪಾಪ. ಅವರ ಮನೆಯಲ್ಲಿ ಅದು ನಿಜಕ್ಕೂ ಯಾರಿಗೂ ಬೇಕಾಗಿರಲಿಲ್ಲ. ಸಂಜೆ ಹೊರೆ ಹೊತ್ತು ಹೋಗುವ ಹೆಂಗಸರನ್ನು ಅವಳು ಹುಟ್ಟಿದಾಗಿನಿಂದ ಕಂಡಿದ್ದಳು; ತಲೆಯ ಮೇಲೆ ಏನಿದೆ ಎಂದು ನೋಡಿರಲಿಲ್ಲ.

ರಾಶಿಯ ದಿನ ಬಾಳಮ್ಮ ಹೊರೆಗೆ ಹಗ್ಗ ಬಿಗಿಯುತ್ತಿದ್ದಾಗ ಟ್ರ್ಯಾಕ್ಟರು ಬಂದು ಪಕ್ಕದಲ್ಲೇ ನಿಂತಿತು. ಹಿಂದೆಯೇ ದೊಡ್ಡಪ್ಪ ಸಾಹುಕಾರರು ಬಂದರು. ಕೆಟ್ಟ ಮನುಷ್ಯರೇನಲ್ಲ, ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮಾತಿಗೊಮ್ಮೆ ಬಸವಣ್ಣನ ಹೆಸರು.

“ಹಗ್ಗ ಬಿಚ್ಚು ಬಾಳಮ್ಮ,” ಎಂದರು. “ಈ ವರ್ಷದಿಂದ ಕಟ್ಟಿಗಿ ಕಂಪನಿಗಿ ಹೋಗ್ತದ.”

“ಮತ್ತ ನಮ್ಮ ಒಲಿಗಿ ಏನ್ ಹಾಕೂದ್ರಿ, ಸಾವ್ಕಾರ್ರ?”

“ಹೊಗಿ ಕುಡಿದು ಕಣ್ಣು ಕಳಕೊಂಡದ್ದು ಸಾಲ್ಲಿಲ್ಲೇನು? ಇನ್ನ ಗ್ಯಾಸಿನ ಮ್ಯಾಲ ಮಾಡ್ಕೋರಿ.”

ಕೂಲಿಯನ್ನು ತಪ್ಪದೆ ಕೊಟ್ಟರು. ಕಟ್ಟಿಗೆಯ ಬದಲಿಗೆ ಏನಾದರೂ ಕೊಡಬೇಕೆಂದು ಅವರಿಗೆ ಹೊಳೆಯಲೂ ಇಲ್ಲ. ತಾನೇ ಬಿಗಿದ ಗಂಟನ್ನು ಬಾಳಮ್ಮ ತಾನೇ ಬಿಚ್ಚಿದಳು. ಬೈಯಬೇಕೆನಿಸಿತು, ಆದರೆ ಬೈದು ಹೋಗುವುದೆಲ್ಲಿಗೆ? ನಾಳೆ ಮತ್ತೆ ಅವರದೇ ಹೊಲಕ್ಕೆ ಬರಬೇಕಲ್ಲ.

ಅಂಗಳದ ಹಳೆಯ ಬಣವೆ ತಳ ಕಂಡಿತು. ಸೊಸೆ ಸುಮಿತ್ರಾಬಾಯಿ ಜಾಲಿಕಂಟಿ ಕಡಿದು ತಂದಳು. ಹಸಿ ಜಾಲಿ ಮನೆ ತುಂಬ ಹೊಗೆಯಾಡಿತೇ ಹೊರತು ಹಂಚು ಕಾಯಲಿಲ್ಲ. ರೊಟ್ಟಿ ಖಡಕ್ ಆಗದೆ ಮೆತ್ತಗೆ ಮುದುಡಿದವು. ಒಂದು ಖಾನಾವಳಿಯವರು ಬೇರೆಯವರನ್ನು ನೋಡಿಕೊಂಡರು. ಉಳಿದವರೂ ಮುಖ ಸಿಂಡರಿಸತೊಡಗಿದ್ದರು. ಅಷ್ಟರಲ್ಲಿ ಭಾಗ್ಯಜ್ಯೋತಿಯೇ ಮನೆ ಬಾಗಿಲಿಗೆ ಬಂದಳು, ಜೊತೆಗೆ ಕಂಪನಿಯ ಮ್ಯಾನೇಜರ್ ಅನೂಪ, ಜೇವರ್ಗಿ ಕಡೆಯವನು. ಉದ್ಘಾಟನೆಗೆ ದೊಡ್ಡ ದೊಡ್ಡವರು ಬರುತ್ತಾರೆ, ಕಟ್ಟಿಗೆಯಿಂದ ತೆಗೆದ ಆ ಗ್ಯಾಸಿನಿಂದಲೇ ಉರಿಯುವ ಹೈಡ್ರೋಜನ್ ಒಲೆಯ ಮೇಲೆ ಅವರೆದುರು ರೊಟ್ಟಿ ಬಡಿದು ತೋರಿಸಬೇಕು, ನಿನ್ನಂಥ ಕೈ ಇನ್ನೊಂದಿಲ್ಲ ಎಂದರು.

“ಬಡೀತೇನ್ರಿ,” ಎಂದಳು ಬಾಳಮ್ಮ. “ಖರೆ ನನ್ನ ಸಾಲಿನ ಕಟ್ಟಿಗಿ ನನಗ ವಾಪಸ್ ಕೊಡಸ್ಬೇಕು.”

“ಮೊದ್ಲ ಕಾರ್ಯಕ್ರಮ ಮುಗೀಲಿ, ನೋಡೂಣು,” ಎಂದ ಅನೂಪ.

ನೋಡೋಣ ಎಂಬ ಮಾತಿನ ತೂಕ ಬಾಳಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒಪ್ಪಿಕೊಂಡಳು. ಬೇರೆ ದಾರಿ ಇದ್ದರಲ್ಲವೇ ಬೇಡವೆನ್ನುವುದು.

ಉದ್ಘಾಟನೆ ಮಟಮಟ ಮಧ್ಯಾಹ್ನ. ಬಯಲಿನಲ್ಲೇ ಒಲೆ ಇಟ್ಟಿದ್ದರು. ಅವಳ ಬೆನ್ನ ಹಿಂದೆ, ತಂತಿಬೇಲಿಯ ಆಚೆ, ಊರಿನ ಕಟ್ಟಿಗೆಯೆಲ್ಲ ಗುಡ್ಡವಾಗಿ ಬಿದ್ದಿತ್ತು. ವೇದಿಕೆಯ ಮೇಲೆ ದೊಡ್ಡಪ್ಪ ಸಾಹುಕಾರರು ಕಾಯಕ, ದಾಸೋಹ ಎಂದು ಮಾತಾಡುತ್ತಿದ್ದರು. ಈ ಒಲೆಗೆ ಹೊಗೆಯಿಲ್ಲ, ಮಸಿಯಿಲ್ಲ ಎಂದು ಕಂಪನಿಯವರು ಅವಳಿಗೆ ಹತ್ತು ಸಲ ಹೇಳಿದ್ದರು. ಬಿಸಿಲಿನಲ್ಲಿ ಈ ಉರಿ ಕಣ್ಣಿಗೇ ಕಾಣುವುದಿಲ್ಲ ಎಂಬ ಒಂದು ಮಾತನ್ನು ಮಾತ್ರ ಯಾರೂ ಹೇಳಲಿಲ್ಲ. ಹಂಚು ಇಟ್ಟು, ಒಲೆ ಹೊತ್ತಿಸಿ, ರೊಟ್ಟಿ ಬಡಿ ಎಂದು ಸರಿದು ನಿಂತರು.

ಮೊದಲ ರೊಟ್ಟಿಗಳು ಚೆನ್ನಾಗಿಯೇ ಬಂದವು. ದೊಡ್ಡವರು ಮುರಿದು ತಿಂದರು, ಫೋಟೋ ತೆಗೆಸಿಕೊಂಡರು. ಆಮೇಲೆ ಒಂದು ರೊಟ್ಟಿಯನ್ನು ನೇರ ಉರಿಗೆ ಹಿಡಿದು ಖಡಕ್ ಮಾಡಲು ಬಾಳಮ್ಮ ಬಟ್ಟೆಯಿಂದ ಹಂಚು ಹಿಡಿದು ಕೆಳಗಿಳಿಸಿದಳು. ನೋಡಿದರೆ ಒಲೆಯಲ್ಲಿ ಏನೂ ಇಲ್ಲ. ಕೆಂಪಿಲ್ಲ, ಹೊಗೆಯಿಲ್ಲ, ಮುಖಕ್ಕೆ ಝಳವೂ ಇಲ್ಲ. ಆರಿಹೋಯಿತು ಎಂದುಕೊಂಡಳು. ಉರಿ ಕುಗ್ಗಿದರೆ ಕಟ್ಟಿಗೆಯನ್ನು ಒಳಕ್ಕೆ ನೂಕಬೇಕು. ಅವಳ ಬಲಗೈ ಜೀವಮಾನವೆಲ್ಲ ಮಾಡಿದ್ದು ಅದನ್ನೇ. ಕಣ್ಣು ಜನರ ಕಡೆಗಿತ್ತು. ಕೈ ಅವಳನ್ನು ಕೇಳದೆ ಒಲೆಯ ಬಾಯಿಗೆ ಹೋಯಿತು, ಅಲ್ಲಿಲ್ಲದ ಕಟ್ಟಿಗೆಯನ್ನು ನೂಕಲು.

ಅವಳು ಚೀರಿದಾಗ ಫೋಟೋದವನು ಇನ್ನೂ ತೆಗೆಯುತ್ತಲೇ ಇದ್ದ.

ಕಲಬುರಗಿಯ ಆಸ್ಪತ್ರೆಗೆ ಕಂಪನಿಯ ಜೀಪಿನಲ್ಲೇ ಒಯ್ದರು, ಖರ್ಚನ್ನೂ ನೋಡಿಕೊಂಡರು. ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಆದರೆ ಗಾಯ ಮಾಯ್ದಂತೆ ಅಂಗೈಯ ಚರ್ಮ ಬಿಗಿದುಕೊಂಡಿತು, ಬೆರಳು ಬಿಚ್ಚಿಕೊಳ್ಳಲಿಲ್ಲ. ಬೆರಳು ಬಿಚ್ಚದ ಕೈಯಿಂದ ರೊಟ್ಟಿ ಬಡಿಯಲು ಬರುವುದಿಲ್ಲ. ಖಾನಾವಳಿಯವರು ಒಬ್ಬೊಬ್ಬರಾಗಿ ಬಂದು ಹಣ್ಣು ಕೊಟ್ಟು, ಅಯ್ಯೋ ಎಂದು, ಹೋದರು.

ಒಂದು ಸಂಜೆ ಭಾಗ್ಯಜ್ಯೋತಿ ಬಂದಳು. ಬಾಳಮ್ಮನ ಕೈಯನ್ನು ನೋಡಲಾರದೆ ನೆಲ ನೋಡುತ್ತ ಕೂತಳು.

“ಒಲಿ ರಿಪೇರಿ ಮಾಡ್ಯಾರ ಬಾಳಮ್ಮ. ಈಗ ಉರಿ ಹಳದಿ ಕಾಣಸ್ತದ. ಏನೂ ಭಯ ಇಲ್ಲ.”

“ಚಲೋ ಆತು ಬಿಡ್ರಿ, ಅಕ್ಕಾರ,” ಎಂದಳು ಬಾಳಮ್ಮ. “ನನ್ನ ಕಟ್ಟಿಗಿ?”

“ಅದೊಂದು ಬಿಟ್ಟು ಕೇಳು. ಅದು ಈಗ ಕಂಪನಿ ಮಾಲ, ನನ್ನ ಕೈಯಾಗಿಲ್ಲ.” ಆಮೇಲೆ ಬಂದ ಕೆಲಸ ಹೇಳಿದಳು, “ಇನ್ನ ಮ್ಯಾಲ ನೋಡಾಕ ಮಂದಿ ಬರ್ತಾನೇ ಇರ್ತಾರ. ರೊಟ್ಟಿ ಬಡ್ಯಾಕ ಒಬ್ಬರು ಖಾಯಂ ಬೇಕಾಗ್ಯಾರ. ನಿನ್ನ ಸೊಸಿಗಿ ಹೇಳೂಣು ಅಂತ ಬಂದೇನಿ.”

ಬಾಳಮ್ಮನಿಗೆ ಸಿಟ್ಟು ನೆತ್ತಿಗೇರಿತು. ಎದ್ದು ಹೋಗ್ರಿ ಎನ್ನಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ, ಬೆಳಗಿನಿಂದ ಹೊತ್ತದ ಒಲೆಯ ಮುಂದೆ ಕೂತಿದ್ದ ಸುಮಿತ್ರಾಬಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಎಷ್ಟೊತ್ತಿಗಿ ಬರ್ಬೇಕ್ರಿ, ಅಕ್ಕಾರ?” ಎಂದು ಕೇಳಿದಳು.

ಭಾಗ್ಯಜ್ಯೋತಿ ಹೇಳಿದಳು. ಸುಮಿತ್ರಾಬಾಯಿ ಆಗಲೆಂದು ತಲೆಯಾಡಿಸಿದಳು. ತೆರೆದ ಬಾಯಿಯನ್ನು ಬಾಳಮ್ಮ ಮುಚ್ಚಿಕೊಂಡಳು. ಸೊಸೆಗೆ ಬೇಡವೆನ್ನಲು ಆ ಮನೆಯಲ್ಲಿ ಒಲೆಗಿಡುವ ಒಂದು ಕಡ್ಡಿಯೂ ಇರಲಿಲ್ಲ.