ನಾಲ್ಕು ಕಣ್ಣಿನ ತಂತಿ

ದೊಡ್ಡ ದೂರದರ್ಶಕಕ್ಕೆಂದು ಮನೋರಮಾ ರೂಪಿಸುತ್ತಿದ್ದ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ನೋಡುವಂಥದು. ಅದಕ್ಕೆ ತನ್ನ ಮೈಯ ಬಿಸಿಯೂ ಬೆಳಕಾಗಿಯೇ ಕಾಣುವುದರಿಂದ ದ್ರವ ಸಾರಜನಕ ತುಂಬಿ ತಣ್ಣಗಿಡಬೇಕು. ಒಂದಿಡೀ ರಾತ್ರಿ ಬಾಳಬೇಕಾದ ಸಾರಜನಕ ಐದೇ ತಾಸಿಗೆ ಆರಿಹೋಗುತ್ತಿತ್ತು. ಆಕಾಶದ ಅಗಲವಾದ ತುಂಡನ್ನು ಒಮ್ಮೆಗೇ ಹಿಡಿಯಲೆಂದು ಅವಳು ಅದರಲ್ಲಿ ನಾಲ್ಕು ಕಣ್ಣು ಕೂಡಿಸಿದ್ದಳು. ಗುರುವಾರದೊಳಗೆ ಬಿಸಿ ನುಗ್ಗುವ ದಾರಿ ಸಿಗದಿದ್ದರೆ ಮೂರನ್ನು ಕಿತ್ತು ಒಂದನ್ನೇ ಉಳಿಸುವುದೆಂದು ಮೇಲಿನವರು ಹೇಳಿಬಿಟ್ಟಿದ್ದರು. ಆರು ವರ್ಷದ ಕೆಲಸ.

೧೯೮೭ರ ಮಾತು. ಅಜ್ಜನ ಶ್ರಾದ್ಧಕ್ಕೆ ಸವಣೂರಿಗೆ ಬಂದವಳು ಪಡಸಾಲೆಯಲ್ಲಿ ಕ್ಯಾಮೆರಾದ ನಕ್ಷೆ ಹರವಿಕೊಂಡು ಕೂತಿದ್ದಳು. ಸೋದರತ್ತೆ ಗೋಪಿಕಾಬಾಯಿ ಮಡಿಯುಟ್ಟು ಅಡುಗೆಮನೆಗೆ ಹೊರಟರು.

"ಸರಿಯ ಆಕಡೆ, ಮುಟ್ಟಿಗಿಟ್ಟೀ!"

"ಮುಟ್ಟೂದಿಲ್ಲತ್ಯಾ. ನನ್ನ ಪೆಟ್ಟಿಗೀದೂ ನಿನ್ನ ಗತೀನ. ಬೆಚ್ಚಗಿದ್ದದ್ದು ಯಾವುದೂ ಅದನ್ನ ಮುಟ್ಟೂ ಹಂಗಿಲ್ಲ."

"ಮಡಿ ಪೆಟ್ಟಿಗಿ ಅನ್ನು." ಅತ್ತೆ ದೂರದಿಂದಲೇ ಬಗ್ಗಿ ನೋಡಿದರು. "ಹೊರಗಿನ ಡಬ್ಬಿ ಮೈಲಿಗಿ, ಒಳಗಿಂದು ಮಡಿ. ನಡುವಿನ ಈ ಕಾಲು?"

"ಗಾಜಿನ ನಾರಿನವು. ಬಿಸಿ ದಾಟಗೊಡೂದಿಲ್ಲ. ನಿನ್ನ ಧಾಬಳಿ ಇದ್ಧಂಗ."

ಧಾಬಳಿ ಉಣ್ಣೆಯ ಬಟ್ಟೆ; ಅದಕ್ಕೆ ಮೈಲಿಗೆ ಅಂಟುವುದಿಲ್ಲವೆಂದು ಆ ಮನೆಯ ನಂಬಿಕೆ.

"ಮತ್ತ ಈ ಎಳಿ? ಹೊರಗಿಂದ ಸೀದಾ ಒಳಗ ಹೋಗ್ಯಾವಲ್ಲ, ಇವೂ ಧಾಬಳಿ ಏನು?"

"ಅವು ತಾಮ್ರದ ತಂತಿ. ಕೂದಲಿನಷ್ಟು ಸಣ್ಣು. ಲೆಕ್ಕಾ ಹಾಕೇನಿ ಬಿಡು."

"ಒಂದು ಎಳಿ ಜೋತುಬಿದ್ದು ತಗಲಿದ್ರೂ ನಮಗ ಇಡೀ ಸೀರಿ ಮೈಲಿಗಿ. ನಿಮ್ಮಲ್ಲೆ ಎಳಿಗೆ ರಿಯಾಯ್ತಿ ಅದ ಏನೋಪಾ!" ಅತ್ತೆ ನಕ್ಕು ಒಳಗೆ ಹೋದರು.

ಹನ್ನೆರಡನೆಯ ವಯಸ್ಸಿನಿಂದಲೂ ಮಡಿಯ ಮೇಲೆ ಜಗಳಾಡಿದವಳಿಗೆ ಆ ನಗು ಚುಚ್ಚಿತು. ಅತ್ತೆಯ ಮಾತು ಸುಳ್ಳು ಮಾಡಲೆಂದೇ ಮನೋರಮಾ ಲೆಕ್ಕದ ವಹಿ ಬಿಚ್ಚಿದಳು. ತಂತಿಯ ಲೆಕ್ಕವೇನೋ ಇತ್ತು, ಆದರೆ ಅದು ಒಂದೇ ಕಣ್ಣಿದ್ದ ಹಿಂದಿನ ಕ್ಯಾಮೆರಾದ್ದು. ಕಣ್ಣು ನಾಲ್ಕಾದಾಗ ತಂತಿಯೂ ನಾಲ್ಕು ಪಟ್ಟಾಗಿತ್ತು. ಪುಟ ಮಾತ್ರ ತಿದ್ದದೆ ಹಾಗೇ ಇಳಿದು ಬಂದಿತ್ತು. ಗುಣಿಸಿದಳು. ಹಾಳು ಐದು ತಾಸು ಸರಿಯಾಗಿ ಬಂತು. ಬಿಸಿ ನುಗ್ಗುತ್ತಿದ್ದದ್ದು ತಾಮ್ರದ ಆ ಎಳೆಗಳಲ್ಲೇ; ಉಕ್ಕಾದರೆ ಅಷ್ಟು ದಾಟಗೊಡುವುದಿಲ್ಲ.

ಊಟಕ್ಕೂ ನಿಲ್ಲದೆ ಅಂಚೆ ಕಚೇರಿಗೆ ನಡೆದಳು. ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದನ್ನು ತಂತಿ ಸಂದೇಶ ಕಳಿಸುವ ಕರೀಮಸಾಬ ಕನ್ನಡದಲ್ಲಿ ಗಟ್ಟಿಯಾಗಿ ಓದಿದ.

"ನಾಲ್ಕೂ ಇರಲಿ. ತಂತಿ ಬದಲಿಸಿ. ಸಣ್ಣ ಉಕ್ಕು, ಉದ್ದ ಸುತ್ತು." ಕತ್ತೆತ್ತಿದ. "ತಂತಿ ಬದಲಿಸ್ರಿ ಅಂತ ತಂತಿ ಕಳಸಾಕತ್ತೀರೇನ್ರಿ ಅಕ್ಕಾರ? ಮೊದಲಿನ ತಂತಿ ನಾ ಕಳಿಸಿದ್ದಲ್ರಿ ಮತ್ತ, ತಪ್ಪು ನನ್ನ ಮ್ಯಾಲೆ ಬರಬಾರದು."

"ಇಲ್ರಿ." ಮನೋರಮಾ ಕಾಗದ ವಾಪಸು ಇಸಿದುಕೊಂಡಳು. ಒಂದು ಗಳಿಗೆ ಪೆನ್ನು ಹಿಡಿದು ನಿಂತು ಕೆಳಗೆ ಸೇರಿಸಿದಳು: ತಪ್ಪು ನನ್ನದು.

ಮರುದಿನ ಉತ್ತರ ಬಂತು. ನಾಲ್ಕು ಕಣ್ಣೂ ಸದ್ಯ ಇರಲಿ; ತಂತಿ ಬದಲಿಸಲು ಒಂದು ತಿಂಗಳ ಗಡುವು.