ಮೂರು ಎಕ್ಕ

ನಡುವೆ ಮೂರನೆಯ ಎಲೆಯಾಗಿ ಇಸ್ಪೀಟ್ ಎಕ್ಕ ಬಿತ್ತು. ದುರುಗೇಶನ ಕೈಯಲ್ಲಿ ಆಗಲೇ ಎರಡು ಎಕ್ಕ ಕೂತಿದ್ದವು, ಅಲ್ಲಿಗೆ ಮೂರಾದವು. ಮೂಗಿನ ಮೇಲೆ ನೊಣ ಕೂತರೂ ಅವನು ಮಿಸುಕಲಿಲ್ಲ. ಚಳ್ಳಕೆರೆಯಿಂದ ರಾಯದುರ್ಗದ ತನಕ ಅವನಂಥ ಆಟಗಾರ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಇವನ ಮುಖ ನೋಡಿ ತೊಟ್ಟಿಲಿಗೆ ವಾಪಸು ಹೋಗಿರಬೇಕು.

ಎಣ್ಣೆ ಮಿಲ್ಲಿನ ಹಿಂದಿನ ಗೋಡೌನು. ಶೇಂಗಾ ಹಿಂಡಿಯ ಚೀಲಗಳ ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎಲೆಗಳು. ಗೋಡೆಗೆ ಉಗಿದ ಗುಟ್ಕಾವನ್ನು ಕೆರೆದು ತೆಗೆದರೆ ಇನ್ನೊಂದು ಗೋಡೆ ಕಟ್ಟಬಹುದಿತ್ತು. ಹುರಿದ ಶೇಂಗಾ ಮುಕ್ಕಿದ ಕೈಗಳಿಂದ ಎಲೆಗಳಿಗೂ ಎಣ್ಣೆ ಹತ್ತಿ, ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು.

ಗೋವಾದ ಕ್ಯಾಸಿನೋದಲ್ಲಿ ಎಲೆ ಹಂಚಿ ಬಂದಿದ್ದ ಪ್ರದೀಪ ಊರಿಗೆ ತಂದ ಆಟವಿದು, ಒಮಾಹಾ. ಒಬ್ಬೊಬ್ಬರ ಕೈಗೆ ನಾಲ್ಕೆಲೆ, ನಡುವೆ ಎಲ್ಲರಿಗೂ ಸೇರಿದ ಐದೆಲೆ. ಕೈಯಿಂದ ಎರಡೇ ಎರಡು, ನಡುವಿನಿಂದ ಮೂರೇ ಮೂರು ಸೇರಿಸಿ ಆಟ ಕಟ್ಟಬೇಕು. ಪಣವನ್ನು ನಡುವೆ ಬಿದ್ದಿರುವ ಹಣದಷ್ಟೇ ಏರಿಸಬಹುದು, ಒಂದು ರೂಪಾಯಿ ಹೆಚ್ಚಿಲ್ಲ.

ಈ ಆಟದಲ್ಲಿ ಮೂರು ಎಕ್ಕವೆಂದರೆ ಬಾಯಿ ಕಟ್ಟದ ಶೇಂಗಾ ಚೀಲ. ತುಂಬಿದೆಯೆಂದು ಹಿಗ್ಗಿ ಹೊತ್ತರೆ ಹಾದಿಯುದ್ದಕ್ಕೂ ಸುರಿದುಹೋಗುತ್ತದೆ. ನಡುವೆ ಆಗಲೇ ಇಸ್ಪೀಟ್ ಜಾತಿಯ ಎರಡೆಲೆ ಇದ್ದವು. ಮೂರನೆಯದು ಬಿದ್ದರೆ, ಕೈಯಲ್ಲಿ ಎರಡು ಇಸ್ಪೀಟ್ ಇಟ್ಟುಕೊಂಡವನು ಐದನ್ನೂ ಇಸ್ಪೀಟೇ ಮಾಡಿ ಎಕ್ಕಗಳಿಗೆ ಮಣ್ಣು ಮುಕ್ಕಿಸುತ್ತಾನೆ. ಅದಕ್ಕೇ ಇಂಥ ಕೈ ಬಂದಾಗ ಮಿತಿಯಷ್ಟೂ ಒಡ್ಡಿ ಉಳಿದವರನ್ನು ಓಡಿಸಬೇಕೆಂದು ಪ್ರದೀಪ ಸಾವಿರ ಸಲ ಹೇಳಿದ್ದ. ದುರುಗೇಶ ಬರೀ ಐನೂರು ಒಡ್ಡಿದ. ಎದುರಿಗಿದ್ದ ಸೂರಪ್ಪ ಓಡಿಹೋಗುವುದು ಅವನಿಗೆ ಬೇಕಿರಲಿಲ್ಲ.

ಸೂರಪ್ಪ ಮೊಳಕಾಲ್ಮೂರಿನ ನೇಕಾರ. ಇಪ್ಪತ್ತು ದಿನ ನೇಯ್ದ ರೇಷ್ಮೆ ಸೀರೆಯನ್ನು ಅಂಗಡಿಗೆ ಒಪ್ಪಿಸಲು ಬೆಳಿಗ್ಗೆ ಚಳ್ಳಕೆರೆಯ ಬಸ್ಸು ಹತ್ತಿದ್ದ. ನೂಲು, ಜರಿ ಎಲ್ಲ ಅಂಗಡಿಯವರದು. ಸೀರೆ ತಲುಪದಿದ್ದರೆ ಇನ್ನು ನೂಲು ಬರುವುದಿಲ್ಲ, ಮಗ್ಗ ನಿಲ್ಲುತ್ತದೆ. ಪಕ್ಕದ ಸೀಟಿನಲ್ಲಿ ಸಿಕ್ಕಿದ ದುರುಗೇಶ ನಡುದಾರಿಯ ತಳಕು ಊರು ಬರುವಷ್ಟರಲ್ಲಿ ಅವನಿಗೆ ಆಟ ಕಲಿಸಿದ್ದ, ತಾನು ಗೆದ್ದ ಆಟಗಳನ್ನೂ ಗೆಲ್ಲದ ಆಟಗಳನ್ನೂ ಬಣ್ಣಿಸಿದ್ದ.

ನಾಲ್ಕನೆಯ ಎಲೆ ಇಸ್ಪೀಟ್ ನಾಲ್ಕು. ಐದನೆಯದು ಇಸ್ಪೀಟ್ ಗುಲಾಮ. ಉಳಿದವರೆಲ್ಲ ಎಲೆ ಬಿಸಾಕಿದರು. ಸೂರಪ್ಪನ ಬಲಗಾಲು ಚೀಲದ ಪಕ್ಕ ಮಗ್ಗ ತುಳಿಯುವಂತೆ ಒಂದೇ ಲಯದಲ್ಲಿ ಆಡತೊಡಗಿತು. ಹಣ ಮುಗಿದಿತ್ತು. ಅವನು ಬ್ಯಾಗಿನಿಂದ ಸೀರೆ ತೆಗೆದು ನಡುವೆ ಇಟ್ಟ.

"ಹನ್ನೆರಡು ಸಾವಿರದ್ದು," ಎಂದ.

"ಮಿತಿ ಒಂಬತ್ತು," ಎಂದ ಪ್ರದೀಪ. "ಸೀರೆಗೂ ಅಷ್ಟೇ ಲೆಕ್ಕ."

ನಡುವೆ ನಾಲ್ಕು ಇಸ್ಪೀಟ್ ಬಿದ್ದಮೇಲೆ ಮೂರು ಎಕ್ಕದವನು ಎಲೆ ಮಡಚಿ ಎದ್ದುಹೋಗಬೇಕು. ದುರುಗೇಶ ಮಡಚಲು ಕೈಯೆತ್ತಿದ. ಆಗ ಕಂಡಿತು: ಸೂರಪ್ಪ ಮೂರೆಲೆಯನ್ನು ಒಂದು ಕಡೆ ಸರಿಸಿ, ಒಂದೇ ಒಂದನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದಿದ್ದ. ಒಂದೇ ಒಂದು. ಕೈಯಿಂದ ಎರಡೆಲೆ ಆಡಲೇಬೇಕೆಂಬ ಮಾತನ್ನು ಬಸ್ಸಿನ ಬಡಾಯಿಯಲ್ಲಿ ತಾನು ಹೇಳಲೇ ಇಲ್ಲವೆಂಬುದು ದುರುಗೇಶನಿಗೆ ನೆನಪಾಯಿತು. ಆದರೂ ಕೈ ಇಳಿದು ಒಂಬತ್ತು ಸಾವಿರ ಎಣಿಸಿ ಮುಂದಿಟ್ಟಿತು.

ಸೂರಪ್ಪ ನಗುತ್ತ ಇಸ್ಪೀಟ್ ರಾಜನನ್ನು ಬಿಡಿಸಿದ. "ನಾಕು ಅಲ್ಲೈತೆ, ಇದೊಂದು. ಐದಾತು ನಾಯ್ನಾ."

ಪ್ರದೀಪ ಅವನ ಉಳಿದ ಮೂರೆಲೆ ತಿರುವಿದ. ಅವುಗಳಲ್ಲಿ ಒಂದೂ ಇಸ್ಪೀಟ್ ಇರಲಿಲ್ಲ. ಕೈಯಿಂದ ಎರಡು ಇರಬೇಕು, ಇದು ಆಟವೇ ಅಲ್ಲ ಎಂದು ತಿಳಿಸಿ ದುರುಗೇಶನ ಕಡೆ ನೋಡಿದ. "ಕರ್ಕಂಡ್ ಬಂದೋನು ನೀನು. ಇದನ್ನ ಹೇಳಿದ್ಯೇನಲೇ ಇವರಿಗೆ?"

ಸುತ್ತಲಿದ್ದ ಹತ್ತು ಜನ ದುರುಗೇಶನ ಕಡೆ ತಿರುಗಿದರು. ಸೂರಪ್ಪನೂ ನೋಡಿದ. ಅವನ ಕಣ್ಣಲ್ಲಿ ಸಂಶಯವಿರಲಿಲ್ಲ. ನಾನೇ ಮರೆತೆನೇನೋ ಎಂಬಂತಿತ್ತು.

"ಹೇಳಿದ್ದೆ," ಎಂದ ದುರುಗೇಶ.

ಚೀಲದ ಪಕ್ಕದ ಕಾಲು ನಿಂತಿತು.

"ಹೇಳಿರ್ತೀಯ ಬಿಡು," ಎಂದ ಸೂರಪ್ಪ ಮೆಲ್ಲಗೆ. "ಬಸ್ಸಿನ ಸದ್ದು."

ಯಾರೋ ಬೆನ್ನು ತಟ್ಟಿದರು, ಯಾರೋ ಹುಲಿ ಎಂದರು. ಹೊಗಳಿಕೆಗೆ ಸದಾ ಹಸಿದಿರುತ್ತಿದ್ದ ದುರುಗೇಶನಿಗೆ ಆ ಅಂಗೈಯ ಬೆವರು ಅಂಗಿಯೊಳಗಿಳಿದು ಅಸಹ್ಯವಾಯಿತು. ಬೇಗ ಹೊರಬಿದ್ದರೆ ಸಾಕೆಂದು ಸೀರೆಯನ್ನು ಹಳೆಯ ಪೇಪರಿನಲ್ಲಿ ಮುದುಡಿ ತುರುಕತೊಡಗಿದ.

"ಹಂಗಲ್ಲ ನಾಯ್ನಾ, ಜರಿ ಮುರಿತೈತೆ. ಕೊಡಿಲ್ಲಿ."

ಸೂರಪ್ಪ ಎರಡೂ ಕೈಯನ್ನು ಪಂಚೆಗೆ ಉಜ್ಜಿಕೊಂಡ. ಅಂಚು ಒಳಗಾಗುವಂತೆ ಮಡಿಕೆಯ ಮೇಲೆ ಮಡಿಕೆ ಕೂರಿಸಿದ, ಎಲ್ಲೂ ಅವಸರಪಡಲಿಲ್ಲ. ದುರುಗೇಶ ಕೈ ಚಾಚಿದ.

ಸೂರಪ್ಪ ಸೀರೆ ಕೊಡಲಿಲ್ಲ; ಎಣ್ಣೆಯಿಂದ ಮಿನುಗುತ್ತಿದ್ದ ಆ ಕೈಯನ್ನು ನೋಡಿದ. ಹೆಗಲ ಮೇಲಿನ ಟವೆಲು ತೆಗೆದು ಅದನ್ನು ದುರುಗೇಶನ ಅಂಗೈ ಮೇಲೆ ಹಾಸಿ, ಅಂಚು ಸರಿಮಾಡಿ, ಅದರ ಮೇಲೆ ಸೀರೆ ಇಟ್ಟ.