ಎಂಟು ಮಕ್ಕಳ ರಜೆ

ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಕೂಡುವ, ಕಳೆಯುವ ಲೆಕ್ಕ ಕಲಿಸುತ್ತಿದ್ದೇನೆ. ಆದರೂ ನಲವತ್ತೇಳರಲ್ಲಿ ಎಂಟು ಕಳೆದರೆ ಎಷ್ಟೆಂದು ಆ ದಿನ ನನ್ನ ತಲೆಗೆ ಹೊಳೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವ ಮಾತು ನನ್ನಂಥವರಿಗಾಗಿಯೇ ಹುಟ್ಟಿರಬೇಕು.

ನಮ್ಮದು ಆರರಿಂದ ಎಂಟನೇ ತರಗತಿಯವರೆಗಿನ ಸರ್ಕಾರಿ ಶಾಲೆ. ಎರಡು ವರ್ಷದಿಂದ ಫಲಿತಾಂಶದಲ್ಲಿ ಪಟ್ಟಣಕ್ಕೇ ಕೊನೆ. ಪಟ್ಟಿ ಹೊರಬಿದ್ದಾಗಲೆಲ್ಲ ಅಪ್ಪಂದಿರು ಸಾಲಾಗಿ ಬಂದು ಟಿ.ಸಿ. ಕೇಳಿದರು. ನೂರಹನ್ನೆರಡು ಮಕ್ಕಳಿದ್ದಲ್ಲಿ ನಲವತ್ತೇಳು ಉಳಿದರು. ನಲವತ್ತಕ್ಕಿಂತ ಕಡಿಮೆಯಾದರೆ ಶಾಲೆ ಮುಚ್ಚಿ, ಉಳಿದವರನ್ನು ಹೆದ್ದಾರಿಯಾಚೆಯ ಶಾಲೆಗೆ ಸೇರಿಸುತ್ತಾರೆ. ಆ ರಸ್ತೆ ದಾಟುವಾಗ ನನಗೇ ಜೀವ ಬಾಯಿಗೆ ಬರುತ್ತದೆ, ಇನ್ನು ಮಕ್ಕಳ ಪಾಡು ಕೇಳಬೇಕೆ?

ಹೆಡ್‌ಮಾಸ್ಟರು ಕೆಟ್ಟವರಲ್ಲ, ಪುಕ್ಕಲರು. ಇಲಾಖೆಯ ಪರೀಕ್ಷೆಗೆ ಎರಡು ದಿನವಿದ್ದಾಗ ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು.

“ಟೀಚರ್, ತೀರಾ ಹಿಂದಿರೋ ಎಂಟು ಜನ ಇದಾರಲ್ಲ, ಅವತ್ತು ಮನೇಲೇ ಇರ್ಲಿ. ಸರಾಸರಿ ಮೇಲೆ ಬಂದ್ರೆ ಹೋದ ಮಕ್ಕಳು ವಾಪಸ್ ಬರ್ತಾರೆ.”

“ತಪ್ಪಲ್ವಾ ಸಾರ್?”

“ತಪ್ಪೇ. ಶಾಲೆ ಮುಚ್ಚಿಹೋಗೋದು ಸರೀನಾ?”

ಒಪ್ಪಿದೆ. ಎಂಟು ಮಕ್ಕಳನ್ನು ಆರಿಸಿ ಕೊಟ್ಟವಳೂ ನಾನೇ.

ಪರೀಕ್ಷೆಯ ಬೆಳಿಗ್ಗೆ ಏಳು ಮಂದಿ ಬರಲಿಲ್ಲ. ರಜೆ ಅಂದರೆ ಯಾರಿಗೆ ಬೇಡ! ಬಟ್ಟೆ ಹೊಲಿಯುವವಳ ಮಗಳು ಮಾತ್ರ ಜಡೆ ಬಿಗಿದುಕೊಂಡು ಗೇಟಿನ ಹತ್ತಿರ ನಿಂತಿದ್ದಳು.

“ಟೀಚರ್, ಭಿನ್ನರಾಶಿ ಬಂತು ನಂಗೆ. ಅಮ್ಮನ ಟೇಪ್ ಇಟ್ಕೊಂಡು ಕಲ್ತೆ. ನಾನೂ ಕೂತ್ಕೋತೀನಿ.”

“ಒಂದ್ಸಲ ಹೇಳಿದ್ರೆ ತಿಳಿಯಲ್ವಾ? ಮನೆಗೆ ಹೋಗು,” ಎಂದು ಗದರಿದೆ. ರಸ್ತೆಯ ತಿರುವಿನವರೆಗೂ ಅವಳು ಹಿಂದೆ ತಿರುಗಿ ನೋಡುತ್ತಲೇ ಹೋದಳು. ನಾನು ಕರೆಯಲಿಲ್ಲ.

ಸರಾಸರಿ ಹೋದ ವರ್ಷದ ನಲವತ್ತೊಂದರಿಂದ ನಲವತ್ತೆಂಟಕ್ಕೆ ಏರಿತು. ಹೆಡ್‌ಮಾಸ್ಟರು ಕುರ್ಚಿಯಲ್ಲಿ ಕಾಲು ಚಾಚಿ ಕೂತದ್ದನ್ನು ಅವತ್ತೇ ಮೊದಲು ನೋಡಿದ್ದು. ಮರುವಾರವೇ ಆದೇಶ ಬಂತು. ಎಷ್ಟೋ ಶಾಲೆಗಳು ಹಾಜರಿ ಪುಸ್ತಕದಲ್ಲಿ ಇಲ್ಲದ ಮಕ್ಕಳನ್ನು ತುಂಬಿಕೊಂಡಿದ್ದವಂತೆ; ಆದ್ದರಿಂದ ಈ ವರ್ಷ ಪರೀಕ್ಷೆಯ ಉತ್ತರಪತ್ರಿಕೆ ಎಷ್ಟಿವೆಯೋ ಶಾಲೆಯಲ್ಲಿ ಅಷ್ಟೇ ಮಕ್ಕಳು ಎಂದು ಲೆಕ್ಕ. ನಮ್ಮವು ಮೂವತ್ತೊಂಬತ್ತು.

ಕಚೇರಿಗೆ ಓಡಿದೆವು. ಎಂಟು ಮಕ್ಕಳಿಗೆ ಜ್ವರವಿತ್ತು ಎಂದರು ಹೆಡ್‌ಮಾಸ್ಟರು.

“ಎಂಟೂ ದಡ್ಡ ಮಕ್ಕಳಿಗೇ ಬಂತೇನ್ರೀ ಜ್ವರ?” ಅಧಿಕಾರಿ ಹಳೆಯ ಅಂಕಪಟ್ಟಿ ನೋಡಿ ನಕ್ಕು ಕಡತ ಮುಚ್ಚಿದ.

ಟಿ.ಸಿ. ಹಂಚುವ ದಿನ ಆ ಹುಡುಗಿಯನ್ನು ಕರೆದುಕೊಂಡು ಅವಳ ತಾಯಿ ಬಂದಳು.

“ಟೀಚರಮ್ಮಾ, ನಮ್ಮ ಹುಡುಗಿ ಥರದವರಿಂದ್ಲೇ ಶಾಲೆ ಮುಚ್ತಂತೆ, ಹೌದಾ? ಯಾರೋ ಅಂದ್ರಂತೆ. ಮೂರು ದಿನದಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ ಇವಳು.”

ಹೆಡ್‌ಮಾಸ್ಟರು ಮೇಜು ನೋಡುತ್ತ ಕೂತರು. ಸರ್ಕಾರದ ತೀರ್ಮಾನ ಅಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ತಲೆ ತಗ್ಗಿಸಿ ನಿಂತ ಆ ಮಗುವಿನ ಎದುರು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ಇಲ್ಲಮ್ಮ. ಅವತ್ತು ಇವಳೊಬ್ಬಳು ಪರೀಕ್ಷೆ ಬರೆದಿದ್ರೆ ನಲವತ್ತಾಗ್ತಿತ್ತು, ಶಾಲೆ ಉಳೀತಿತ್ತು. ಬರೀತೀನಿ ಅಂತ ಬಂದೋಳನ್ನ ಗೇಟಿಂದ ವಾಪಸ್ ಕಳಿಸಿದ್ದು ನಾನು.”

ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು. ಹುಡುಗಿ ಮಾತ್ರ ತಲೆಯೆತ್ತಿದಳು. ಅವಳ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು.

“ಹಂಗಾದ್ರೆ ಈಗ ಬರೀತೀನಿ ಟೀಚರ್. ಪೇಪರ್ ಕೊಡಿ.”

ನನ್ನ ಕೈಯಲ್ಲಿದ್ದದ್ದು ಅವಳ ಟಿ.ಸಿ. ಒಂದೇ. ಅದನ್ನೇ ಕೊಟ್ಟೆ.